ಬಸಿಯೊಳಗಿನ ಚೀನೀ ಮಾತು

ಕಬ್ಬಿನ ಹಂಗಾಮು. ರಾಯಬಾಗ ತಾಲ್ಲೂಕಿನ ಪಾಲಬಾವಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ರಾತ್ರಿಯೆಲ್ಲ ಫ್ಯಾಕ್ಟರಿಯ ಪಾಳಿಯಲ್ಲಿ ನಿಂತು ಕಬ್ಬು ಇಳಿಸಿ ಬಂದ ಟ್ರ್ಯಾಕ್ಟರೊಂದು ರಸ್ತೆಯ ಅಂಚಿಗೆ ನಿಂತಿದೆ. ತಲೆಗೆ ಮಫ್ಲರ್ ಸುತ್ತಿದ ಡ್ರೈವರು ಚಾದಂಗಡಿಯ ಬಾಕಿನ ಮೇಲೆ ಕೂತದ್ದೇ ತಡ, ಅಂಗಡಿಯಾತ ಕುದಿಯುವ ಬೋಗೋಣಿಯಿಂದ ಕಣ್ಣು ಕೀಳದೆ ಕೇಳುತ್ತಾನೆ: “ಚಾ?”

“ಹೂಂ. ಖಡಕ್ ಮಾಡ್ರಿ ಮಾಮಾ, ಸಕ್ಕರಿ ಕಡಿಮಿ.”

ಎರಡು ಸಾಲಿನ ಈ ಮಾತಿನಲ್ಲಿ ಎಷ್ಟು ಊರಿನ ನೀರು ಸೇರಿದೆ ನೋಡಿ. ಖಡಕ್ ಮರಾಠಿಯ ಕಡೆಯಿಂದ ಬಂದದ್ದು. ಮಾಮಾ ಗಡಿಯ ಆಚೆ ಈಚೆ ಇಬ್ಬರಿಗೂ ಸೇರಿದ್ದು. ಸಕ್ಕರಿಯ ಬೇರು ಸಂಸ್ಕೃತದ ಶರ್ಕರಾ. ಮೊದಲಿನ ಆ ಒಂದಕ್ಷರ ಮಾತ್ರ ಚೀನಾದ್ದು. ಗಿಡದ ಹೆಸರಾಗಿ ಹುಟ್ಟಿ, ಎಲೆಯ ಹೆಸರಾಗಿ, ಕುಡಿಯುವ ನೀರಿನ ಹೆಸರಾಗಿ, ಕೊನೆಗೆ ಮನೆಗೆ ಬಂದವರನ್ನು ಕೂರಿಸುವ ಮಾತಾಗಿ ಬೆಳೆದ ಪದ ಅದು. ಇನ್ನೂ ಒಂದು ಮಜಾ ಇದೆ. ಅಂಗಡಿಯಾತ ಅದನ್ನು ಕೇಳಿದ ದನಿ, ಕೊನೆಯಲ್ಲಿ ಮೇಲಕ್ಕೆ ಏರಿದ ಆ ರಾಗ, ಬೀಜಿಂಗಿನಲ್ಲಿ ಆ ಪದಕ್ಕೆ ಇರಬೇಕಾದ ರಾಗವೇ.

ಚೀನಾದ ಪ್ರಮಾಣ ಭಾಷೆ ಮ್ಯಾಂಡರಿನ್‌ನಲ್ಲಿ ನಾಲ್ಕು ದನಿಗಳಿವೆ. ಅಕ್ಷರ ಒಂದೇ ಇದ್ದರೂ ದನಿ ಬದಲಾದರೆ ಪದವೇ ಬದಲಾಗುತ್ತದೆ. ‘ಛಾ’ ಎಂದು ಪ್ರಶ್ನೆ ಕೇಳಿದಂತೆ ದನಿ ಏರಿಸಿದರೆ ಚಹಾ. ಅದನ್ನೇ ಬೈದಂತೆ ಮೇಲಿಂದ ಕೆಳಕ್ಕೆ ಒಗೆದರೆ ‘ಕಳಪೆ’, ‘ಕಡಿಮೆ ಬಿದ್ದದ್ದು’. ಏರದೆ ಇಳಿಯದೆ ಒಂದೇ ಮಟ್ಟದಲ್ಲಿ ಎಳೆದರೆ ‘ಚುಚ್ಚು’, ‘ಸಿಕ್ಕಿಸು’. ಹಾಗಾಗಿ ಚೀನಾಕ್ಕೆ ಮಾಲು ತರಲು ಹೋಗುವ ವ್ಯಾಪಾರಿಗೆ ಹೇಳಬೇಕಾದ ಮೊದಲ ಪಾಠ ಇಷ್ಟೇ: ಪಾಲಬಾವಿಯ ಅಂಗಡಿಯಾತ ಕೇಳುವ ಹಾಗೆ ಹೇಳಿ, ಗಿರಾಕಿ ಉತ್ತರ ಕೊಡುವ ಹಾಗೆ ಬೇಡ. ಉಚ್ಚಾರದಲ್ಲಿ ಇನ್ನೊಂದು ಸೂಕ್ಷ್ಮವಿದೆ. ನಮ್ಮದು ಅಲ್ಪಪ್ರಾಣದ ಚ, ಅವರದು ಉಸಿರು ಸೇರಿದ ಛ. ನಾಲಿಗೆಯ ತುದಿಯನ್ನು ಟ, ಠ ಹೇಳುವಾಗಿನಂತೆ ತುಸು ಹಿಂದಕ್ಕೆ ಮಡಿಸಿ ಛಾ ಎಂದರೆ ಸರಿಹೋಗುತ್ತದೆ. ಅದಕ್ಕೇ ಈ ಲೇಖನದಲ್ಲಿ ಚೀನೀ ಪದ ಬಂದಲ್ಲೆಲ್ಲ ಛಾ ಎಂದೂ ನಮ್ಮ ಪದಕ್ಕೆ ಚಾ ಎಂದೂ ಬರೆದಿದೆ.

ಬೆಳಗಾವಿ ಸೀಮೆಯ ಮಕ್ಕಳು ಶಾಲೆಯಲ್ಲಿ ‘ಚಾ’ ಎಂದು ಬರೆದರೆ ‘ಚಹಾ’ ಎಂದು ತಿದ್ದುವುದುಂಟು. ಗ್ರಂಥಸ್ಥ ರೂಪ ಚಹಾ ಎನ್ನುವುದು ನಿಜ. ಪತ್ರಿಕೆಗಳಲ್ಲಿ ಚಹ, ಚಹಾ ಎರಡೂ ಕಾಣುತ್ತವೆ. ಆದರೆ ತಿದ್ದುವವರು ಒಂದನ್ನು ಗಮನಿಸಬೇಕು. ನಡುವಿನ ಆ ‘ಹ’ ದಾರಿಯಲ್ಲಿ ಸೇರಿಕೊಂಡದ್ದು. ಮರಾಠಿಯ ಚಹಾದಲ್ಲಿ ಅದು ಇದೆ, ದೂರದ ಅಸ್ಸಾಮಿ ಬರಹದಲ್ಲೂ ಚಾಹ್ ಎಂದೇ ಇದೆ. ಮೂಲದಲ್ಲಿ ಇಲ್ಲ. ಹಳ್ಳಿಯ ಒಂದಕ್ಷರದ ಚಾ, ಪುಸ್ತಕದ ಎರಡಕ್ಷರದ ಚಹಾಕ್ಕಿಂತ ಚೀನಾಕ್ಕೆ ಹತ್ತಿರ. ಬರವಣಿಗೆಗೆ ಚಹಾ ಇರಲಿ, ಆದರೆ ಚಾ ಎಂಬುದನ್ನು ‘ಅಪಭ್ರಂಶ’ ಎಂದು ಕರೆಯುವುದು ತಲೆಕೆಳಗಾದ ಲೆಕ್ಕ.

ವ್ಯಾಕರಣಕ್ಕೂ ಈ ಪದ ಚೆನ್ನಾಗಿ ಪಳಗಿದೆ. ಚಾದ, ಚಾಕ್ಕೆ, ಚಾದಲ್ಲಿ, ಚಾದಂಗಡಿ: ಮರದ, ಮರಕ್ಕೆ, ಮರದಲ್ಲಿ ಎಂಬ ಜಾಡಿನಲ್ಲೇ ನಡೆಯುತ್ತದೆ. ಟೀ ಹಾಗಲ್ಲ. ಟೀಯ, ಟೀಗೆ, ಟೀಯಲ್ಲಿ ಎಂದು ನದಿಯ ಜಾಡು ಹಿಡಿಯುತ್ತದೆ. ‘ಟೀದ’ ಎಂದು ಬರೆದರೆ ಕಿವಿಗೆ ಚುಚ್ಚುವುದು ಅದಕ್ಕೇ.

ಹಾಗಾದರೆ ಬೆಂಗಳೂರಿನ ಟೀ ಎಲ್ಲಿಂದ ಬಂತು? ಅದೂ ಚೀನಾದಿಂದಲೇ. ಗಿಡ ಒಂದೇ, ಚೀನೀ ಲಿಪಿಯಲ್ಲಿ ಅದಕ್ಕಿರುವ ಅಕ್ಷರವೂ ಒಂದೇ. ಓದುವ ಬಾಯಿ ಬೇರೆ. ಚೀನಾದ ಬಹುಭಾಗದಲ್ಲಿ ಆ ಅಕ್ಷರವನ್ನು ಛಾ ಎಂದು ಓದಿದರೆ, ಆಗ್ನೇಯ ಕರಾವಳಿಯ ಫುಜಿಯಾನ್ ಪ್ರಾಂತದ ಆಡುಮಾತಿನಲ್ಲಿ ‘ತೇ’ ಎನ್ನುತ್ತಾರೆ. 17ನೇ ಶತಮಾನದಲ್ಲಿ ಡಚ್ಚರು ಆ ಕರಾವಳಿಯ ವರ್ತಕರ ಮೂಲಕ ಎಲೆ ಕೊಂಡರು, ಜೊತೆಗೆ ತೇ ಎಂಬ ಹೆಸರನ್ನೂ ಹಡಗಿಗೆ ಏರಿಸಿದರು. ಅದರಿಂದ ಇಂಗ್ಲಿಷರ ಟೀ, ಫ್ರೆಂಚರ ತೇ, ಜರ್ಮನರ ಟೇ. ಇಂಗ್ಲಿಷರೂ ಮೊದಮೊದಲು ಟೇ ಎಂದೇ ಉಚ್ಚರಿಸುತ್ತಿದ್ದರು. ಡಚ್ಚರು ಆಳಿದ ಸಿಂಹಳದಲ್ಲಿ ಇಂದಿಗೂ ತೇ. ತಮಿಳರು ಅದಕ್ಕೆ ನೀರು ಸೇರಿಸಿ ತೇನೀರ್ ಮಾಡಿಕೊಂಡರು.

ಪೋರ್ಚುಗೀಸರ ಕಥೆ ಬೇರೆ. ಅವರು 1557ರಲ್ಲಿ ನೆಲೆಯೂರಿದ್ದು ಮಕಾವಿನಲ್ಲಿ, ಅಲ್ಲಿಯ ಕ್ಯಾಂಟನೀಸ್ ಮಾತಿನಲ್ಲಿ ಛಾ. ಹಾಗಾಗಿ ಪಶ್ಚಿಮ ಯುರೋಪಿನಲ್ಲಿ ಬಹುತೇಕ ಎಲ್ಲರೂ ತೇ, ಟೀ ಎನ್ನುವಾಗ ಪೋರ್ಚುಗೀಸರು ಮಾತ್ರ ‘ಶಾ’ ಎಂದು ಉಳಿದರು. ಇನ್ನು ಒಂಟೆ, ಕುದುರೆಗಳ ಮೇಲೆ ಮಧ್ಯ ಏಷ್ಯಾ ದಾಟಿ ಹೋದ ಎಲೆ ಪಾರಸಿಯಲ್ಲಿ ಚಾಯ್ ಆಯಿತು. ಅಲ್ಲಿಂದ ರಷ್ಯನ್ನರು ಮತ್ತು ತುರ್ಕರು ಚಾಯ್ ಎಂದರು, ಅರಬರು ಶಾಯ್ ಎಂದರು, ಹಿಂದಿ ಉರ್ದುಗಳಲ್ಲೂ ಅದೇ ಬಂತು. ಟಿಬೆಟ್ಟಿನಲ್ಲಿ ಜಾ. ಕಡಲಲ್ಲಿ ಹೋದದ್ದು ಟೀ, ನೆಲದಲ್ಲಿ ನಡೆದದ್ದು ಚಾ ಎಂಬ ಮಾತು ಪೂರ್ತಿ ನಿಜವಲ್ಲ, ಪೋರ್ಚುಗೀಸರೇ ಅದಕ್ಕೆ ಅಪವಾದ. ಆದರೂ ನೆನಪಿಡಲು ಸುಲಭ.

ಕರ್ನಾಟಕದ ನಕ್ಷೆಯ ಮೇಲೂ ಈ ಎರಡು ದಾರಿಗಳನ್ನು ಎಳೆಯಬಹುದು. ಗಡಿಯಾಚೆ ಕೇರಳದ ಕಾಸರಗೋಡಿನಲ್ಲಿ ಮಲಯಾಳಿಯ ಚಾಯ, ಮಂಗಳೂರು ಕಡೆ ಚಾ, ಹುಬ್ಬಳ್ಳಿ ಬೆಳಗಾವಿಗಳಲ್ಲಿ ಚಾ, ಚಹಾ. ಹಳೇ ಮೈಸೂರಿನಲ್ಲಿ ಇಂಗ್ಲಿಷಿನಿಂದ ಇಳಿದ ಟೀ. ಅದೂ ಕಾಫಿಯ ನಂತರದ ಎರಡನೇ ಮಾತು. ಪಾಲಬಾವಿಯ ಮಟ್ಟಿಗೆ ಇತಿಹಾಸ ಇನ್ನೂ ಸ್ಪಷ್ಟ. 1949ರಲ್ಲಿ ಕೊಲ್ಹಾಪುರ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವ ತನಕ ರಾಯಬಾಗ ಆ ಸಂಸ್ಥಾನಕ್ಕೆ ಸೇರಿತ್ತು. 1956ರಲ್ಲಿ ರಾಜ್ಯ ಬದಲಾಯಿತು, ಬಾಯಿ ಬದಲಾಗಲಿಲ್ಲ. ಚಿಕ್ಕೋಡಿ, ನಿಪ್ಪಾಣಿ, ಅಥಣಿ, ಕಾಗವಾಡದ ತುಂಬ ಚಾ ಜೊತೆಗೆ ಬರುವ ಸಾಮಾನೆಲ್ಲ ಮರಾಠಿಯೊಂದಿಗೆ ಹಂಚಿಕೊಂಡದ್ದು: ಬಶಿ ಇಲ್ಲಿ ಬಸಿಯಾಗಿದೆ, ಕಪ್ಪು ಬಸಿ ಎಂದರೆ ಒಂದೇ ಪದವೆನ್ನುವಷ್ಟು ಬೆಸೆದುಹೋಗಿದೆ. ಬಿಸಿ ಚಾವನ್ನು ಬಸಿಗೆ ಸುರುವಿ, ಊದಿ, ಸುರ್ ಎಂದು ಎಳೆಯುವ ಸುಖವನ್ನು ಕಾಗದದ ಲೋಟ ಕಸಿದುಕೊಂಡಿತು ಎಂಬುದು ಈ ಭಾಗದ ಹಿರಿಯರ ದೂರು. ಅದರಲ್ಲಿ ಸುಳ್ಳೇನೂ ಇಲ್ಲ.

ಈಗ ಆ ಚೀನೀ ಅಕ್ಷರವನ್ನು ಹತ್ತಿರದಿಂದ ನೋಡೋಣ. ಮೇಲೆ ಹುಲ್ಲಿನ ಗುರುತು, ನಡುವೆ ಮನುಷ್ಯನ ಗುರುತಿನಂಥ ಮಾಡು, ಕೆಳಗೆ ಮರದ ಗುರುತು. ಹುಲ್ಲಿಗೂ ಮರಕ್ಕೂ ನಡುವೆ ನಿಂತ ಮನುಷ್ಯ ಎಂದು ಚೀನೀಯರು ಮಕ್ಕಳಿಗೆ ಹೇಳಿಕೊಡುತ್ತಾರೆ. ಗಿಡಕ್ಕೂ ಒಪ್ಪುವ ವರ್ಣನೆ. ತನ್ನ ಪಾಡಿಗೆ ಬಿಟ್ಟರೆ ಅದು ಮರವಾಗುತ್ತದೆ. ಸವರಿ ಸವರಿ ಸೊಂಟದೆತ್ತರಕ್ಕೆ ನಿಲ್ಲಿಸುವುದರಿಂದ ಪೊದೆ. ಈ ಅಕ್ಷರದ ಹಳೆಯ ರೂಪದಲ್ಲಿ ಒಂದು ಗೀರು ಹೆಚ್ಚಿತ್ತು, ಆಗ ಅದರ ಉಚ್ಚಾರ ‘ತು’, ಅರ್ಥ ಕಹಿ ಸೊಪ್ಪು. ಟಾಂಗ್ ವಂಶದ ಕಾಲದಲ್ಲಿ, 8ನೇ ಶತಮಾನದಲ್ಲಿ, ಲು ಯು ಎಂಬಾತ ‘ಛಾ ಜಿಂಗ್’ ಎಂಬ ಹೊತ್ತಗೆ ಬರೆದ. ಚಹಾ ಕುರಿತ ಮೊಟ್ಟಮೊದಲ ಸಮಗ್ರ ಗ್ರಂಥ ಅದು. ಒಂದು ಗೀರು ಕಳೆದುಕೊಂಡ ಅಕ್ಷರ ಗಟ್ಟಿಯಾಗಿ ನಿಂತದ್ದು ಆ ಕಾಲದಲ್ಲೇ. ಚಹಾ ಕಹಿಸೊಪ್ಪಿನ ಕುಲದಿಂದ ಬೇರೆಯಾಗಿ ತನ್ನದೇ ಮನೆ ಮಾಡಿತು.

ಲು ಯು ಕುದಿಯುವ ನೀರಿಗೆ ಚಿಟಿಕೆ ಉಪ್ಪು ಹಾಕುತ್ತಿದ್ದ. ಆದರೆ ಈರುಳ್ಳಿ ಸೊಪ್ಪು, ಶುಂಠಿ, ಕಿತ್ತಳೆ ಸಿಪ್ಪೆ, ಪುದೀನ ಹಾಕಿ ಕುದಿಸುವವರನ್ನು ಕಂಡರೆ ಆತನಿಗೆ ಆಗದು. ಅಂಥದ್ದನ್ನು ಚರಂಡಿಗೆ ಚೆಲ್ಲುವ ನೀರಿಗೆ ಹೋಲಿಸಿದ್ದಾನೆ. ಮಳೆಗಾಲದಲ್ಲಿ ಅಲ್ಲ ಜಜ್ಜಿ ಹಾಕಿದ ಚಾ ಕುಡಿಯುವ ರಾಯಬಾಗದವರು ಲು ಯುವಿನ ಮಾತನ್ನು ಕೇಳಬೇಕಾಗಿಲ್ಲ. ಶುಂಠಿ ಹಾಕುವುದು ನಮ್ಮವರು ಚಹಾವನ್ನು ಕೆಡಿಸಿ ಮಾಡಿದ ಹೊಸ ಆಟವಲ್ಲ, ಸಾವಿರದಿನ್ನೂರು ವರ್ಷದ ಹಿಂದೆ ಚೀನಾದಲ್ಲೇ ಇತ್ತು ಎಂಬುದಕ್ಕೆ ಆತನ ಬೈಗುಳವೇ ಸಾಕ್ಷಿ.

ಅದೇ ಅಕ್ಷರದಲ್ಲಿ ಒಂದು ಲೆಕ್ಕವೂ ಅಡಗಿದೆ. ಮೇಲಿನ ಹುಲ್ಲಿನ ಗುರುತನ್ನು ಎರಡು ಹತ್ತುಗಳೆಂದು ಓದಬಹುದು. ಉಳಿದದ್ದನ್ನು ಬಿಡಿಸಿದರೆ ಎಂಟು, ಹತ್ತು, ಎಂಟು. ಚೀನೀ ಬರಹದಲ್ಲಿ ಎಂಬತ್ತೆಂಟು ಎಂದರೆ ಹಾಗೆಯೇ. ಇಪ್ಪತ್ತು ಸೇರಿಸಿ: 108. ಅದಕ್ಕಾಗಿ ನೂರೆಂಟು ವರ್ಷದ ಆಯುಷ್ಯಕ್ಕೆ ಚೀನೀಯರೂ ಜಪಾನೀಯರೂ ‘ಚಹಾ ಆಯುಷ್ಯ’ ಎನ್ನುತ್ತಾರೆ. ಅಷ್ಟೋತ್ತರ, ಜಪಮಾಲೆಯ ನೂರೆಂಟು ಮಣಿ ಎಂದು ಬೆಳೆದ ಕನ್ನಡಿಗರಿಗೆ ಈ ಸಂಖ್ಯೆಯ ಪರಿಚಯ ಮಾಡಿಕೊಡಬೇಕಾಗಿಲ್ಲ.

ಪದ ಕಟ್ಟುವ ಬಗೆ ಕನ್ನಡದವರಿಗೆ ಕಷ್ಟವೇ ಅಲ್ಲ. ಗುಣ ಮುಂದೆ, ಚಾ ಹಿಂದೆ. ಲ್ಯೂ ಛಾ ಎಂದರೆ ಹಸಿರು ಚಾ, ಹುವಾ ಛಾ ಎಂದರೆ ಹೂವಿನ ಚಾ (ಮಲ್ಲಿಗೆಯ ಕಂಪು ಹಿಡಿಸಿದ್ದು ಸಾಮಾನ್ಯವಾಗಿ ಇದೇ), ನಾಯ್ ಛಾ ಎಂದರೆ ಹಾಲಿನ ಚಾ. ಛಾ ಮುಂದೆ ಬಂದರೆ ಅದಕ್ಕೆ ಸಂಬಂಧಪಟ್ಟ ವಸ್ತು: ಛಾ ಯೆ ಚಾದ ಎಲೆ, ಛಾ ಹು ಚಾದ ಕೆಟಲಿ, ಛಾ ಬೇಯ್ ಚಾದ ಕಪ್ಪು, ಛಾ ಗ್ವಾನ್ ಚಾದಂಗಡಿ. ಕ್ರಿಯಾಪದ ಬಂದಾಗ ಮಾತ್ರ ಎಚ್ಚರ. ನಾವು ಚಾ ಕುಡಿ ಎನ್ನುತ್ತೇವೆ, ಅವರು ‘ಹ ಛಾ’, ಕುಡಿ ಚಾ ಎಂದು ತಿರುಗಿಸುತ್ತಾರೆ.

ಬಣ್ಣದ ವಿಷಯದಲ್ಲಿ ಎಡವುವವರೇ ಹೆಚ್ಚು. ಇಂಗ್ಲಿಷಿನಲ್ಲಿ ಬ್ಲಾಕ್ ಟೀ ಎನ್ನುವುದನ್ನು ಚೀನೀಯರು ಹೊಂಗ್ ಛಾ, ಅಂದರೆ ಕೆಂಪು ಚಾ ಎನ್ನುತ್ತಾರೆ. ಇಂಗ್ಲಿಷರು ಒಣಗಿದ ಎಲೆಯ ಬಣ್ಣ ನೋಡಿದರು, ಚೀನೀಯರು ಲೋಟದೊಳಗಿನ ಬಣ್ಣ ನೋಡಿದರು. ನಮ್ಮ ದಿನದ ಚಾಪುಡಿಯೆಲ್ಲ ಈ ಜಾತಿಯದೇ. ಇತ್ತ ಚೀನಾದಲ್ಲಿ ಹೇಯ್ ಛಾ, ಅಕ್ಷರಶಃ ಕರಿ ಚಾ, ಎಂಬುದು ಬೇರೆಯೇ ಇದೆ: ರಾಶಿ ಹಾಕಿ ಹುದುಗಿಸಿ, ಹಲವು ಸಲ ಬಿಲ್ಲೆಯಾಗಿ ಒತ್ತಿ, ವರ್ಷಗಟ್ಟಲೆ ಇಟ್ಟು ಕುಡಿಯುವಂಥದ್ದು. ಆದ್ದರಿಂದ ಚೀನೀ ಪೊಟ್ಟಣದ ಮೇಲಿನ ‘ಕಪ್ಪು’ ಎಂಬ ಮಾತನ್ನು ನಂಬಿ ಮನೆಯ ಚಾಪುಡಿಯ ಬದಲಿಗೆ ಕೊಂಡರೆ ಮಣ್ಣಿನ ವಾಸನೆಯ ಇನ್ನೇನೋ ಕೈಗೆ ಬರುತ್ತದೆ. ಪಾಲಬಾವಿಯ ‘ಕರಿ ಚಾ’ ಮೂರನೆಯದು. ಇಲ್ಲಿ ಅದಕ್ಕೆ ಹಾಲಿಲ್ಲದ್ದು ಎಂಬುದಷ್ಟೇ ಅರ್ಥ.

ಹಸಿರು, ಬಿಳಿ, ಹಳದಿ, ಊಲಾಂಗ್, ಕೆಂಪು, ಕಪ್ಪು ಎಂದು ಚೀನೀಯರು ಆರು ಬಗೆ ಮಾಡುತ್ತಾರೆ. ಆರೂ ಒಂದೇ ಗಿಡದವು. ಸಸ್ಯಶಾಸ್ತ್ರಜ್ಞರು ಅದನ್ನು ಕೆಮೆಲಿಯಾ ಸೈನೆನ್ಸಿಸ್ ಎನ್ನುತ್ತಾರೆ; ಸೈನೆನ್ಸಿಸ್ ಎಂದರೆ ಚೀನಾದ್ದು ಎಂದೇ. ಎಲೆ ಕಿತ್ತ ಮೇಲೆ ಅದನ್ನು ಎಷ್ಟು ಬಾಡಿಸಿದರು, ಹೊಸಕಿದರು, ಗಾಳಿಗೆ ಬಿಟ್ಟರು, ಯಾವಾಗ ಬಿಸಿ ತಾಗಿಸಿ ನಿಲ್ಲಿಸಿದರು ಎಂಬುದರಲ್ಲಿ ವ್ಯತ್ಯಾಸ ಹುಟ್ಟುತ್ತದೆ. ಗ್ರೀನ್ ಟೀ ಬೇರೆ ಗಿಡದ್ದೆಂದು ತಿಳಿದು ಸಸಿ ಕೇಳುವವರು ಇದ್ದಾರೆ. ಅಂಥವರಿಗೆ ಇನ್ನೊಂದು ಮಾತು: ಈ ಗಿಡಕ್ಕೆ ಹುಳಿ ಮಣ್ಣು, ಒಳ್ಳೆಯ ಮಳೆ, ಬುಡದಲ್ಲಿ ನೀರು ನಿಲ್ಲದ ಇಳಿಜಾರು ಬೇಕು. ರಾಯಬಾಗದ ಎರಿ ಹೊಲ ಇದಕ್ಕೆ ಆಗದು. ಕರ್ನಾಟಕದಲ್ಲಿ ಚಹಾ ತೋಟ ನೋಡಬೇಕೆಂದರೆ ಚಿಕ್ಕಮಗಳೂರಿನ ಕೆಳಗೂರು ಕಡೆಗೋ ಕೊಡಗಿಗೋ ಹೋಗಬೇಕು.

ಚಾ ಇಲ್ಲದ ಚಾ ಎಂಬುದೂ ಉಂಟು. ದಕ್ಷಿಣ ಚೀನಾದ ಬೀದಿಗಳಲ್ಲಿ ಮಾರುವ ಲ್ಯಾಂಗ್ ಛಾ, ಅಂದರೆ ತಂಪು ಚಾ, ಗಿಡಮೂಲಿಕೆಗಳ ಕಹಿ ಕಷಾಯ. ಹೆಸರಿನಲ್ಲಿ ಚಾ ಇದ್ದರೂ ಒಳಗೆ ಚಾದ ಎಲೆ ಇರಬೇಕೆಂದೇನಿಲ್ಲ. ನಮ್ಮಲ್ಲೂ ಪದ ಹೀಗೆಯೇ ಹಬ್ಬಿದೆ. ಬಚ್ಚಲ ನೀರು ಹರಿಯುವಲ್ಲಿ ಬೆಳೆಯುವ, ತಿಕ್ಕಿದರೆ ಲಿಂಬೆಯ ಘಮ ಬರುವ ಮಜ್ಜಿಗೆ ಹುಲ್ಲಿಗೆ ಮರಾಠಿಯಲ್ಲಿ ಗವತಿ ಚಹಾ ಎಂದು ಹೆಸರು, ಹುಲ್ಲಿನ ಚಹಾ ಎಂದು. ನೆಗಡಿಯಾದಾಗ ಎರಡು ಗರಿ ಗಂಟು ಹಾಕಿ ಬೋಗೋಣಿಗೆ ಬಿಡುವ ಗಡಿಭಾಗದ ಕನ್ನಡದ ಮನೆಗಳಲ್ಲೂ ಆ ಹೆಸರು ಓಡಾಡುತ್ತದೆ. ಅದಕ್ಕೂ ಚಹಾ ಗಿಡಕ್ಕೂ ರಕ್ತಸಂಬಂಧವಿಲ್ಲ. ಭಾಷೆಗೆ ಇದು ತಪ್ಪಲ್ಲ, ಕಾನೂನಿಗೆ ಬೇರೆ ಲೆಕ್ಕ. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರದ ಮಾನದಂಡದ ಪ್ರಕಾರ ಚಹಾ ಎಂದರೆ ಕೆಮೆಲಿಯಾ ಸೈನೆನ್ಸಿಸ್ ಗಿಡದ ಎಲೆ, ಮೊಗ್ಗು, ಎಳೆಯ ದಂಟಿನಿಂದ ಮಾಡಿದ್ದು ಮಾತ್ರ. ಪೊಟ್ಟಣದ ಮುಂದೆ ‘ಟೀ’ ಎಂದು ದೊಡ್ಡದಾಗಿ ಇದ್ದರೆ, ಹಿಂದಿನ ಸಣ್ಣ ಅಕ್ಷರಗಳಲ್ಲಿ ಏನೇನಿದೆ ಎಂದು ಓದಿಕೊಳ್ಳುವುದು ಒಳ್ಳೆಯದು. ತುಳಸಿ, ದಾಸವಾಳ, ಶುಂಠಿಯಷ್ಟೇ ಇದ್ದರೆ ಅದು ಕಷಾಯ. ನಿದ್ದೆಗೆಡಿಸುವ ಕೆಫೀನ್ ಅದರಲ್ಲಿ ಇರುವುದಿಲ್ಲ.

ಬಿಡಿ ಚಾಪುಡಿ ಕೊಳ್ಳುವವರು ಬಣ್ಣ ಬೆರೆಸಿದೆಯೇ ಎಂದು ಮನೆಯಲ್ಲೇ ನೋಡಬಹುದು. ಸೋಸುವ ಬಿಳಿ ಕಾಗದದ ಮೇಲೆ ಒಂದಿಷ್ಟು ಪುಡಿ ಹರಡಿ, ನೀರು ಚಿಮುಕಿಸಿ, ಸ್ವಲ್ಪ ಹೊತ್ತು ಬಿಟ್ಟು, ಪುಡಿ ತೆಗೆದು ಕಾಗದವನ್ನು ನಲ್ಲಿ ನೀರಿನಲ್ಲಿ ತೊಳೆದು ಬೆಳಕಿಗೆ ಹಿಡಿಯಬೇಕು. ಗಾಢ ಕಂದು ಕಲೆ ಹಾಗೇ ಕಚ್ಚಿಕೊಂಡಿದ್ದರೆ ಅನುಮಾನಿಸಬೇಕು.

ಪದದ ಸಾಮಾಜಿಕ ಅರ್ಥಗಳಿಗೆ ಬಂದರೆ ಪಾಲಬಾವಿ, ಚೀನಾ ಎರಡೂ ಬೆನ್ನು ತಿರುಗಿಸಿ ಕೂತಂತೆ ಕಾಣುತ್ತವೆ. ಪಾಲಬಾವಿಯಲ್ಲಿ ಕಪ್ಪು ತುಂಬಿ ಬಸಿಗೆ ತುಳುಕಿದರೆ ಅದು ಪ್ರೀತಿ. ಚೀನಾದಲ್ಲಿ ಮದ್ಯವನ್ನು ತುಂಬಿ ಕೊಟ್ಟರೆ ಮರ್ಯಾದೆ, ಚಹಾವನ್ನು ತುಂಬಿ ಕೊಟ್ಟರೆ ಅವಮರ್ಯಾದೆ. ಏಳು ಪಾಲು ಸುರಿದು ನಿಲ್ಲಿಸಬೇಕು. ಹಿಡಿಯಿಲ್ಲದ ಸಣ್ಣ ಬಟ್ಟಲು ಅಂಚಿನವರೆಗೆ ತುಂಬಿದರೆ ಅತಿಥಿಯ ಬೆರಳು ಸುಡುತ್ತದಲ್ಲ. ಇಲ್ಲಿ “ಚಾ ತೊಗೊಂಡ ಹೋಗ್ರಿ” ಎಂದರೆ ಇನ್ನರ್ಧ ಗಂಟೆ ಕೂರಿ ಎಂದು ಅರ್ಥ. ಚಿಂಗ್ ವಂಶದ ಕಾಲದ ಅಧಿಕಾರಿಯ ಕಚೇರಿಯಲ್ಲಿ ಯಜಮಾನ ತನ್ನ ಮುಂದಿನ ಚಹಾದ ಬಟ್ಟಲನ್ನು ಕೈಗೆತ್ತಿಕೊಂಡನೆಂದರೆ ಭೇಟಿ ಮುಗಿಯಿತು, ಹೊರಡಿ ಎಂಬ ಸನ್ನೆ. ಆಳು ಬಾಗಿಲಲ್ಲಿ ನಿಂತು ಅದನ್ನೇ ಕೂಗಿ ಹೇಳುತ್ತಿದ್ದ.

ಮದುವೆಯಲ್ಲಿ ಮಾತ್ರ ಮುಖಾಮುಖಿಯಾಗುತ್ತವೆ. ಕನ್ಯಾ ನೋಡಲು ಬಂದವರ ಮುಂದೆ ಹುಡುಗಿ ಅವಲಕ್ಕಿ, ಚಾ ಇಟ್ಟ ತಟ್ಟೆ ಹಿಡಿದು ಬರುವ ದೃಶ್ಯ ಈ ಸೀಮೆಯ ಯಾವ ಮನೆಗೂ ಹೊಸದಲ್ಲ. ಆ ಚಾದ ರುಚಿಯನ್ನು ಯಾರೂ ನೆನಪಿಟ್ಟುಕೊಂಡ ದಾಖಲೆಯಿಲ್ಲ, ಅದು ಬೇರೆ ಮಾತು. ಚೀನಾದಲ್ಲಿ ನಿಶ್ಚಿತಾರ್ಥದ ಉಡುಗೊರೆಗೆ ಛಾ ಲಿ, ಚಹಾದ ಕಾಣಿಕೆ, ಎಂಬ ಹೆಸರಿತ್ತು. ಹುಡುಗಿಯ ಮನೆಯವರು ‘ಚಹಾ ಸ್ವೀಕರಿಸಿದರು’ ಎಂದರೆ ಮಾತು ಗಟ್ಟಿಯಾಯಿತು ಎಂದರ್ಥ. ಚಹಾ ಗಿಡವನ್ನು ಬೀಜ ಹಾಕಿದ ಕಡೆಯಿಂದ ಕಿತ್ತು ಬೇರೆಡೆ ನೆಟ್ಟರೆ ಬದುಕದು ಎಂದು ಆಗಿನವರು ನಂಬಿದ್ದರು. ಒಂದು ಕಡೆ ಬೇರು ಬಿಟ್ಟರೆ ಅಲ್ಲೇ ಎಂಬ ನಿಷ್ಠೆಗೆ ಅದನ್ನು ಗುರುತು ಮಾಡಿದರು. ಇಂದಿಗೂ ಚೀನೀ ಮದುವೆಗಳಲ್ಲಿ ವಧೂವರರು ಬಾಗಿ ಅತ್ತೆ ಮಾವಂದಿರಿಗೆ ಚಹಾ ಕೊಡುತ್ತಾರೆ, ಹಿರಿಯರು ಕುಡಿದು ಕೆಂಪು ಲಕೋಟೆಯಲ್ಲಿ ಮುಯ್ಯಿ ಕೊಡುತ್ತಾರೆ.

ಇನ್ನು ಚಾಪಾಣಿ. ಸರಕಾರಿ ಕೆಲಸಕ್ಕೆ ಅಲೆದವರಿಗೆಲ್ಲ ಈ ಪದದ ಎರಡನೇ ಅರ್ಥ ಗೊತ್ತು. ಹಾಂಗ್‌ಕಾಂಗಿನಲ್ಲೂ ಲಂಚಕ್ಕೆ ‘ಚಹಾದ ದುಡ್ಡು’ ಎಂದೇ ಹೆಸರಿತ್ತು. ಇಂದಿನ ಚೀನಾದಲ್ಲಿ ಪೊಲೀಸರು ಯಾರನ್ನಾದರೂ ‘ಚಹಾಕ್ಕೆ ಕರೆದರು’ ಎಂದರೆ ವಿಚಾರಣೆಗೆ ಕರೆದರೆಂದು ಜನ ಅರ್ಥ ಮಾಡಿಕೊಳ್ಳುತ್ತಾರೆ. ಅಧಿಕಾರದಿಂದ ಇಳಿದವನ ಮನೆಗೆ ಯಾರೂ ಬಾರದಿದ್ದರೆ ‘ಮನುಷ್ಯ ಎದ್ದು ಹೋದ, ಚಹಾ ಆರಿತು’ ಎಂಬ ಗಾದೆ ಇದೆ. ಮನೆ ನಡೆಸಲು ದಿನಾ ಬೇಕಾದ ಏಳು ವಸ್ತುಗಳ ಹಳೆಯ ಪಟ್ಟಿಯೊಂದಿದೆ: ಸೌದೆ, ಅಕ್ಕಿ, ಎಣ್ಣೆ, ಉಪ್ಪು, ಸೋಯಾ ರಸ, ವಿನೆಗರ್, ಕೊನೆಗೆ ಚಹಾ.

ಪಾಲಬಾವಿಯ ಹೆಸರಿನ ಕೊನೆಗೆ ಬಾವಿಯಿದೆ. ಚೀನಾದ ಅತಿ ಹೆಸರಾಂತ ಹಸಿರು ಚಹಾದ ಹೆಸರಿನ ಕೊನೆಗೂ ಬಾವಿಯೇ. ಹಾಂಗ್‌ಝೌ ನಗರದ ಪಶ್ಚಿಮ ಸರೋವರದ ಹತ್ತಿರ ಲುಂಗ್‌ಜಿಂಗ್ ಎಂಬ ಹಳ್ಳಿಯಿದೆ. ಲುಂಗ್ ಎಂದರೆ ಡ್ರ್ಯಾಗನ್, ಜಿಂಗ್ ಎಂದರೆ ಬಾವಿ. ಅಲ್ಲಿಯ ಹಳೆಯ ಬಾವಿಯಿಂದ ಊರಿಗೆ, ಊರಿನಿಂದ ಚಹಾಕ್ಕೆ ಹೆಸರು ಬಂತು. ಜಿಂಗ್ ಎಂಬ ಅಕ್ಷರ ಬರೆದರೆ ಅಡ್ಡ ಎರಡು, ಉದ್ದ ಎರಡು ಗೆರೆ. ಮೇಲಿನಿಂದ ಇಣುಕಿದಾಗ ಕಾಣುವ ಬಾವಿಯ ಕಟ್ಟೆಯ ಹಾಗೆ. ಮೊಬೈಲಿನ ಹ್ಯಾಷ್ ಗುರುತನ್ನು ಚೀನೀಯರು ‘ಬಾವಿ ಗುರುತು’ ಎನ್ನುವುದೂ ಅದಕ್ಕೇ. (ಲು ಯುವಿನ ಹೊತ್ತಗೆಯ ಹೆಸರಿನಲ್ಲಿರುವ ಜಿಂಗ್ ಬೇರೆ ಅಕ್ಷರ. ಅದರ ಅರ್ಥ ಶಾಸ್ತ್ರಗ್ರಂಥ.) ಬಾವಿಯೊಳಗಿನ ಕಪ್ಪೆಯ ಮಾತು ನಮ್ಮಂತೆ ಅವರಲ್ಲೂ ಇದೆ.

ಏಪ್ರಿಲ್ ಮೊದಲ ವಾರದ ಚಿಂಗ್‌ಮಿಂಗ್ ಹಬ್ಬಕ್ಕೆ ಮುಂಚೆ ಕಿತ್ತ ಲುಂಗ್‌ಜಿಂಗ್ ಕುಡಿಗೆ ಬೆಲೆ ಹೆಚ್ಚು. ಬಿಸಿ ಕಡಾಯಿಯಲ್ಲಿ ಅಂಗೈಯಿಂದ ಒತ್ತಿ ಒತ್ತಿ ಹುರಿಯುವುದರಿಂದ ಎಲೆ ಚಪ್ಪಟೆಯಾಗುತ್ತದೆ. ಯಾರಾದರೂ ಇಂಥ ಪೊಟ್ಟಣ ತಂದುಕೊಟ್ಟರೆ ದಯವಿಟ್ಟು ಹಾಲಿನಲ್ಲಿ ಕುದಿಸಬೇಡಿ. ನೀರು ಕುದಿಸಿ, ಇಳಿಸಿ, ಕೆಲವು ನಿಮಿಷ ಆರಲು ಬಿಟ್ಟು, ಸುಮಾರು 80 ಡಿಗ್ರಿಗೆ ಬಂದ ಮೇಲೆ ಗಾಜಿನ ಲೋಟದಲ್ಲಿನ ಎಲೆಯ ಮೇಲೆ ಸುರಿಯಬೇಕು. ಕುದಿ ನೀರು ಬಿದ್ದರೆ ಕಹಿ. ಎಲೆ ಚೆಲ್ಲದೆ ಎರಡು ಮೂರು ಸಲ ನೀರು ಹಾಕಿ ಕುಡಿಯಬಹುದು.

ನಮ್ಮ ಚಾಪುಡಿಗೆ ಈ ನಿಯಮ ಹೊಂದದು. ಅದು ಅಸ್ಸಾಂ ತಳಿಯ ಅಗಲ ಎಲೆಯದು. 1823ರಲ್ಲಿ ರಾಬರ್ಟ್ ಬ್ರೂಸ್ ಅಲ್ಲಿಯ ಸಿಂಗ್‌ಫೊ ಜನರ ನಾಡಿನಲ್ಲಿ ಕಂಡದ್ದು. 1930ರ ದಶಕದಲ್ಲಿ ಅಸ್ಸಾಮಿನಲ್ಲೇ ಸಿಟಿಸಿ ಯಂತ್ರ ಬಂತು. ಜಜ್ಜು, ಹರಿ, ಸುರುಳಿ ಮಾಡು ಎಂಬುದು ಆ ಮೂರಕ್ಷರದ ಇಂಗ್ಲಿಷ್ ಹೆಸರಿನ ಅರ್ಥ. ಸಾಸಿವೆಯಂತೆ ಉರುಟಾದ ಆ ಕಾಳು ಬೇಗ ಬಣ್ಣ ಬಿಡುತ್ತದೆ, ಸ್ವಲ್ಪ ಪುಡಿಗೇ ಹೆಚ್ಚು ಲೋಟ ಚಾ ಆಗುತ್ತದೆ, ಹಾಲು ಹಾಕಿದರೂ ಸೋಲುವುದಿಲ್ಲ. ಖಡಕ್ ಎಂಬ ಮಾತಿಗೆ ಇದೇ ತಕ್ಕ ಸರಕು. ಮಹಾಲಿಂಗಪುರದ ಪೇಟೆಯ ಬೆಲ್ಲ ಹಾಕುವವರು ಒಂದು ಎಚ್ಚರ ಇಟ್ಟುಕೊಂಡರೆ ಹಾಲು ಒಡೆಯುವುದಿಲ್ಲ: ಚಾ ಪೂರ್ತಿ ಕುದಿದು, ಒಲೆಯಿಂದ ಇಳಿಸಿ, ಕುದಿ ಅಡಗಿದ ಮೇಲೆ ಪುಡಿ ಬೆಲ್ಲ ಹಾಕಿ ಕಲಕಬೇಕು. ಮತ್ತೆ ಒಲೆಗೆ ಇಡಬಾರದು.

ಸಿಹಿಯ ಮಾತು ಬಂದಾಗ ಲೆಕ್ಕ ಒಂದು ಚುಕ್ತಾ ಮಾಡಬೇಕು. ಚೀನಾ ನಮಗೆ ಚಾ ಕೊಟ್ಟಿತು, ಸರಿ. ಕ್ರಿ.ಶ. 647ರ ಸುಮಾರಿಗೆ ಟಾಂಗ್ ದೊರೆ ತಾಯ್‌ಝೊಂಗ್, ಕಬ್ಬಿನಿಂದ ಸಕ್ಕರೆ ಮಾಡುವ ವಿದ್ಯೆ ಕಲಿತು ಬರಲು ಮಗಧಕ್ಕೆ ಜನರನ್ನು ಕಳಿಸಿದನೆಂದು ಚೀನೀ ಇತಿಹಾಸಗಳು ಬರೆದಿವೆ. ಅಂದರೆ ಸಕ್ಕರೆಯ ವಿದ್ಯೆ ಇಲ್ಲಿಂದ ಹೋಯಿತು, ಚಹಾದ ಎಲೆ ಅಲ್ಲಿಂದ ಬಂತು. ಹಿಂದಿಯವರು ಸಕ್ಕರೆಯನ್ನೇ ಚೀನಿ ಎಂದು ಕರೆದು ಲೆಕ್ಕ ಗೊಂದಲ ಮಾಡಿದರು. ಕನ್ನಡ ಸಕ್ಕರೆಯನ್ನು ಸಕ್ಕರೆಯಾಗಿಯೇ ಉಳಿಸಿಕೊಂಡಿದೆ. 1939ರಲ್ಲಿ ಶುರುವಾದ ಉಗಾರದ ಕಾರ್ಖಾನೆಯಿಂದ ಹಿಡಿದು ಇಂದಿನವರೆಗೆ ಕೃಷ್ಣಾ ಘಟಪ್ರಭೆಯ ನಡುವಿನ ಈ ನೆಲ ಕಬ್ಬನ್ನೇ ನಂಬಿದೆ. ಪಾಲಬಾವಿಯ ಡ್ರೈವರು “ಸಕ್ಕರಿ ಕಡಿಮಿ” ಎಂದಿದ್ದು ಆ ನೆಲದಲ್ಲಿ ಕೂತು.

ಚೀನಾಕ್ಕೆ ಹೋಗುವವರಿಗೆ ಕೊನೆಯದಾಗಿ ಒಂದು. ಹಾಲಿನ ಚಾ ಬೇಕೆಂದು ಬರೀ ನಾಯ್ ಛಾ ಎಂದು ಕೇಳಿದರೆ, ಎತ್ತರದ ಪ್ಲಾಸ್ಟಿಕ್ ಲೋಟದಲ್ಲಿ ಮಂಜುಗಡ್ಡೆ, ದಪ್ಪ ಕೊಳವೆ, ತಳದಲ್ಲಿ ಕಪ್ಪು ಗುಂಡುಗಳಿರುವ ತಣ್ಣನೆಯ ಪಾನೀಯ ಎದುರಿಗೆ ಬರುವ ಸಂಭವ ಹೆಚ್ಚು. 1980ರ ದಶಕದಲ್ಲಿ ತೈವಾನಿನಲ್ಲಿ ಹುಟ್ಟಿದ್ದು ಅದು. ಗುಂಡುಗಳನ್ನು ಕಂಡು ಹೆದರಬೇಕಾಗಿಲ್ಲ, ನಮ್ಮ ಸಾಬೂದಾಣಿಯಂತೆ ಮರಗೆಣಸಿನ ಹಿಟ್ಟಿನವು. ಕುದಿಸಿದ, ಅಲ್ಲ ಏಲಕ್ಕಿ ಹಾಕಿದ, ಬಿಸಿ ಬಿಸಿ ನಮ್ಮ ಚಾ ಬೇಕಿದ್ದರೆ ಕೇಳಬೇಕಾದ ಹೆಸರು ಬೇರೆ: ಯಿಂದು ನಾಯ್ ಛಾ. ಯಿಂದು ಎಂದರೆ ಇಂಡಿಯಾ. ದನಿ ಕೊನೆಯಲ್ಲಿ ಮೇಲಕ್ಕೆ, ಬೋಗೋಣಿಯ ಮುಂದೆ ನಿಂತವನು ಕೇಳುವ ಹಾಗೆ.